ತೋಟದ ನೆಲ, ಅಬ್ಬಿಯ ನೀರು, ಹೊಟ್ಟೆಯ ಹುಳು

ಕಾಫಿಯ ಬೇರನ್ನೂ ಅಡಿಕೆಯ ಬೇರನ್ನೂ ಹಿಡಿಯುವ ಜಂತುಹುಳುಗಳ ವಿಷಯ ನಮ್ಮ ಸಂಘದ ಸದಸ್ಯರಿಗೆ ಹೊಸತಲ್ಲ. ಗಿಡ ಹಳದಿಗಟ್ಟಿ, ಚಿಗುರು ಸೊರಗಿ, ಎಷ್ಟು ಗೊಬ್ಬರ ಕೊಟ್ಟರೂ ಮೇಲೇಳದಿದ್ದರೆ ಬುಡ ಬಿಡಿಸಿ ಬೇರು ನೋಡಬೇಕೆಂಬುದು ನಮಗೆಲ್ಲ ಗೊತ್ತು. ಅದೇ ಜಂತುಹುಳುಗಳ ದೊಡ್ಡ ಕುಲಕ್ಕೆ ಸೇರಿದ ಇನ್ನು ಕೆಲವು ಜಾತಿಗಳು ಅದೇ ಮಣ್ಣಿನಲ್ಲಿ ಬೆಳೆದು, ಆ ಮಣ್ಣಿನಲ್ಲಿ ದುಡಿಯುವ ಮನುಷ್ಯನ ಕರುಳನ್ನು ಸೇರುತ್ತವೆ. ಆಗ ಆಗುವುದೂ ಹೆಚ್ಚು ಕಡಿಮೆ ಅದೇ. ಮುಖ ಬಿಳಿಚಿಕೊಳ್ಳುತ್ತದೆ, ಏರು ಹತ್ತಿದರೆ ಏದುಸಿರು ಬರುತ್ತದೆ, ಉಂಡದ್ದು ಮೈಗೆ ಹತ್ತುವುದಿಲ್ಲ. ಗಿಡಕ್ಕಾದರೆ ಬೇರು ನೋಡುವವರು ಬೇಕಾದಷ್ಟು ಜನ ಇದ್ದಾರೆ. ಆಳಿನ ವಿಷಯ ಬಂದಾಗ ಮಾತ್ರ 'ಮೈಗಳ್ಳ' ಎಂಬ ಮಾತು ಬಾಯಿಗೆ ಮೊದಲು ಬರುತ್ತದೆ.

ಹೊಟ್ಟೆಯ ಹುಳು ಎಂದೊಡನೆ ಸಾಮಾನ್ಯವಾಗಿ ಎರಡು ಸಲಹೆಗಳು ಕೇಳಿಬರುತ್ತವೆ. ನೀರು ಕಾಯಿಸಿ ಕುಡಿದರೆ ಸಾಕು ಎಂಬುದು ಒಂದು. ವರ್ಷಕ್ಕೊಮ್ಮೆ ಮಾತ್ರೆ ನುಂಗಿದರೆ ಸಾಕು ಎಂಬುದು ಇನ್ನೊಂದು. ಎರಡೂ ಅರ್ಧ ಮಾತ್ರ ನಿಜ. ಹೊಟ್ಟೆಯನ್ನು ಸೇರುವ ಪರೋಪಜೀವಿಗಳಲ್ಲಿ ಹಲವು ಜಾತಿಗಳುಂಟು, ಒಂದೊಂದಕ್ಕೂ ಒಂದೊಂದು ದಾರಿ. ಕೆಲವು ನೀರಿನಲ್ಲಿ ಬರುತ್ತವೆ, ಕೆಲವು ಸೊಪ್ಪು ತರಕಾರಿಗೆ ಅಂಟಿಕೊಂಡು ಬರುತ್ತವೆ, ಕೆಲವಕ್ಕೆ ನಡುವೆ ಒಂದು ಪ್ರಾಣಿ ಬೇಕು. ಒಂದು ಜಾತಿಯಂತೂ ಬಾಯಿಯ ಗೊಡವೆಯೇ ಇಲ್ಲದೆ ಕಾಲಿನ ಚರ್ಮವನ್ನು ತೂರಿಕೊಂಡು ಒಳಗೆ ನುಗ್ಗುತ್ತದೆ. ಒಂದರ ದಾರಿಗೆ ಹಾಕಿದ ಬೇಲಿ ಇನ್ನೊಂದನ್ನು ತಡೆಯುವುದಿಲ್ಲ. ಆದರೆ ಈ ದಾರಿಗಳಲ್ಲಿ ಬಹುಪಾಲು ಹೊರಡುವ ಜಾಗ ಒಂದೇ: ಬಯಲಿನಲ್ಲಿ ಬಿದ್ದ ಮನುಷ್ಯನ ಮಲ. ಆ ಬಯಲು ಅನೇಕ ಸಲ ನಮ್ಮ ತೋಟವೇ ಆಗಿರುವುದರಿಂದ ಈ ವಿಚಾರವನ್ನು ಡಾಕ್ಟರರಿಗೆ ಬಿಟ್ಟು ಸುಮ್ಮನಿರುವಂತಿಲ್ಲ.

ಕಾಫಿ ಬೆಟ್ಟಗಳ ಹಳೆಯ ಕಥೆ

ಈ ಮಾತನ್ನು ಕಾಫಿ ಬೆಳೆಗಾರರ ಪತ್ರಿಕೆಯಲ್ಲಿ ಬರೆಯುವುದಕ್ಕೆ ಒಂದು ಐತಿಹಾಸಿಕ ಕಾರಣವೂ ಇದೆ. ವೆಸ್ಟ್ ಇಂಡೀಸ್ ಕಡೆಯ ಪೋರ್ಟೊರಿಕೊ ದ್ವೀಪದ ನಡುವಣ ಬೆಟ್ಟಗಳಲ್ಲಿ ಆಗ ನೆರಳಿನ ಕಾಫಿ ತೋಟಗಳಿದ್ದವು. 1899ರ ಆಗಸ್ಟ್ ತಿಂಗಳಿನಲ್ಲಿ ಬೀಸಿದ ಭಯಂಕರ ಚಂಡಮಾರುತಕ್ಕೆ ಆ ತೋಟಗಳು ಹಾಳಾದವು. ದಿಕ್ಕೆಟ್ಟ ಕೂಲಿಕಾರರು ಕೆಳಗಿನ ಪಟ್ಟಣಗಳಿಗೆ ಇಳಿದು ಬಂದರು. ಪೋನ್ಸೆ ಎಂಬ ಊರಿನಲ್ಲಿ ಅವರ ಶುಶ್ರೂಷೆಯ ಹೊಣೆ ಹೊತ್ತವರು ಬೈಲಿ ಆಶ್‌ಫರ್ಡ್ ಎಂಬ ಅಮೆರಿಕದ ತರುಣ ಸೇನಾ ವೈದ್ಯರು. ಬಂದವರು ಮೇಣದ ಗೊಂಬೆಗಳಂತೆ ಬಿಳಿಚಿದ್ದರು, ಕೆಲವರ ಮುಖ, ಕಾಲು ಊದಿದ್ದವು. ಇದು ಹಸಿವಿನಿಂದ ಬಂದದ್ದೆಂದು ತಿಳಿದು ಒಳ್ಳೆಯ ಊಟ ಹಾಕಿಸಿದರು. ಗುಣವಾಗಲಿಲ್ಲ. ಆಗ ಅವರು ರಕ್ತವನ್ನೂ ಮಲವನ್ನೂ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಮಲದಲ್ಲಿ ಕೊಕ್ಕೆಹುಳುವಿನ ಮೊಟ್ಟೆಗಳು ತುಂಬಿಕೊಂಡಿದ್ದವು. ಅಲ್ಲಿಯವರೆಗೆ ಆ ಬೆಟ್ಟದ ಜನರಿಗೆ ಸೋಮಾರಿಗಳೆಂದು ಹೆಸರಿತ್ತು. ಹವೆಯ ದೋಷ, ಊಟದ ದೋಷ, ಜಾತಿಯ ದೋಷ ಎಂದು ಬೇರೆ ಬೇರೆಯವರು ಬೇರೆ ಬೇರೆ ಕಾರಣ ಹೇಳುತ್ತಿದ್ದರು.

1904ರಲ್ಲಿ ಅಲ್ಲಿ ಸರ್ಕಾರದ ಒಂದು ಆಯೋಗ ಕೆಲಸ ಆರಂಭಿಸಿತು. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 3 ಲಕ್ಷ ಜನರಿಗೆ ಚಿಕಿತ್ಸೆಯಾಯಿತು. ಅಂದರೆ ದ್ವೀಪದ ಜನಸಂಖ್ಯೆಯಲ್ಲಿ ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು. ಅವರು ಕಂಡುಕೊಂಡ ಇನ್ನೊಂದು ಸಂಗತಿ ನಮಗೆ ಬಹಳ ಮುಖ್ಯವಾದದ್ದು. ಬಿಸಿಲು ಬೀಳುವ ಕರಾವಳಿಯ ಕಬ್ಬಿನ ಗದ್ದೆಗಳಿಗಿಂತ ಬೆಟ್ಟದ ಕಾಫಿ ತೋಟಗಳಲ್ಲೇ ಈ ರೋಗ ಹೆಚ್ಚು. ನೆರಳು, ಒದ್ದೆ, ತರಗೆಲೆ, ಬರಿಗಾಲು, ಕಕ್ಕಸಿಲ್ಲದ ಕೆಲಸದ ಜಾಗ ಇವೆಲ್ಲ ಅಲ್ಲಿ ಒಟ್ಟಿಗೆ ಸೇರಿದ್ದವು. ಕಾಫಿಗೆ ನಾವು ಕಷ್ಟಪಟ್ಟು ಒದಗಿಸುವ ತಂಪು ಈ ಹುಳುವಿಗೂ ಒಗ್ಗುತ್ತದೆ.

ಪ್ರಾಸಂಗಿಕವಾಗಿ ಒಂದು ಮಾತು. ಅವರು ಕೊಡುತ್ತಿದ್ದ ಔಷಧಿ ಥೈಮಾಲ್. ಅದು ನಮ್ಮ ಅಡಿಗೆಮನೆಯ ಓಮಕ್ಕೆ ಆ ಪರಿಮಳ ಕೊಡುವ ಸತ್ವವೇ. ಓಮದ ಕಷಾಯದಿಂದ ಹುಳು ಬೀಳುತ್ತದೆಂಬ ನಮ್ಮ ಅಜ್ಜಿಯರ ನಂಬಿಕೆಗೆ ಆಧಾರವಿಲ್ಲದಿಲ್ಲ. ಆದರೆ ಹುಳುವನ್ನು ಬಿಡಿಸಬೇಕಾದರೆ ಆ ಸತ್ವ ಗ್ರಾಂ ಲೆಕ್ಕದಲ್ಲಿ ಬೇಕು. ಅಷ್ಟು ಕೊಟ್ಟರೆ ರೋಗಿಗೂ ಅಪಾಯ. ಕಷಾಯದ ಓಮ ಹೊಟ್ಟೆಯುಬ್ಬರಕ್ಕೆ ಒಳ್ಳೆಯದು, ಅಲ್ಲಿಗೆ ನಿಲ್ಲಿಸಬೇಕು.

ಅಂಗಾಲಿನಿಂದ ಕರುಳಿಗೆ

ಈ ಹುಳು ಚರ್ಮದ ಮೂಲಕ ಬರುತ್ತದೆಂದು ತಿಳಿದದ್ದು ಆಕಸ್ಮಿಕವಾಗಿ. 1898ರಲ್ಲಿ ಈಜಿಪ್ಟಿನ ಕೈರೋ ನಗರದಲ್ಲಿ ಆರ್ಥರ್ ಲೂಸ್ ಎಂಬ ವಿಜ್ಞಾನಿ ಕೊಕ್ಕೆಹುಳುವಿನ ಮರಿಗಳಿದ್ದ ನೀರನ್ನಿಟ್ಟುಕೊಂಡು ಪ್ರಯೋಗ ಮಾಡುತ್ತಿದ್ದಾಗ ಒಂದು ಹನಿ ಅವರ ಕೈಮೇಲೆ ಬಿತ್ತು. ಸ್ವಲ್ಪ ಹೊತ್ತಿಗೆ ಅಲ್ಲಿ ಉರಿ, ತುರಿಕೆ. ಉಳಿದ ನೀರನ್ನು ನೋಡಿದರೆ ಮರಿಗಳೇ ಕಾಣಲಿಲ್ಲ. ಕೆಲವು ವಾರಗಳ ಬಳಿಕ ಅವರದೇ ಮಲದಲ್ಲಿ ಮೊಟ್ಟೆಗಳು ಕಂಡುಬಂದವು.

ನಡೆಯುವುದು ಹೀಗೆ. ಹುಳು ಹಿಡಿದವರ ಮಲದೊಡನೆ ಮೊಟ್ಟೆಗಳು ನೆಲಕ್ಕೆ ಬೀಳುತ್ತವೆ. ಒಂದು ಹೆಣ್ಣುಹುಳು ದಿನಕ್ಕೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನೆಲ ತಂಪಾಗಿ, ತೇವವಾಗಿ, ಸಡಿಲವಾಗಿದ್ದರೆ ಒಂದೆರಡು ದಿನದಲ್ಲೇ ಮರಿಯಾಗುತ್ತದೆ. ಐದರಿಂದ ಹತ್ತು ದಿನಗಳಲ್ಲಿ ಆ ಮರಿ ಮನುಷ್ಯನನ್ನು ಸೇರುವಷ್ಟು ಬಲಿಯುತ್ತದೆ. ಅನುಕೂಲವಿದ್ದರೆ ಮೂರು ನಾಲ್ಕು ವಾರ ಅಲ್ಲೇ ಮಣ್ಣಿನ ಮೇಲ್ಪದರದಲ್ಲಿ, ಹುಲ್ಲಿನ ಬುಡದಲ್ಲಿ, ತರಗಿನಡಿಯಲ್ಲಿ ಕಾದು ಕುಳಿತಿರುತ್ತದೆ. ಬಿರುಬಿಸಿಲಿಗೆ ನೆಲ ಒಣಗಿದರೆ ಸಾಯುತ್ತದೆ. ಬರಿಗಾಲು ಸಿಕ್ಕಿತೋ, ಬೆರಳ ಸಂದಿಯ ಮೆತ್ತನೆಯ ಚರ್ಮವನ್ನು ತೂರಿ ರಕ್ತನಾಳ ಸೇರುತ್ತದೆ. ಅಲ್ಲಿಂದ ಹೃದಯ, ಅಲ್ಲಿಂದ ಶ್ವಾಸಕೋಶ, ಅಲ್ಲಿಂದ ಕೊರಳಿನವರೆಗೆ ಮೇಲೇರಿ, ಉಗುಳಿನೊಂದಿಗೆ ನುಂಗಿಹೋಗಿ ಕೊನೆಗೆ ಸಣ್ಣಕರುಳನ್ನು ತಲುಪುತ್ತದೆ. ಕೆಲವರಿಗೆ ಕಾಲ್ಬೆರಳಿನ ಸಂದಿಯಲ್ಲಿ ತುರಿಕೆ, ಆಮೇಲೆ ಕೆಲವು ದಿನ ಕೆಮ್ಮು ಕಾಣಿಸುವುದು ಈ ಪ್ರಯಾಣದ ಗುರುತು. ಮಳೆಗಾಲದ ಎಲ್ಲ ಕೆಸರುಹುಣ್ಣೂ ಕೊಕ್ಕೆಹುಳುವಿನದಲ್ಲ. ಹೆಚ್ಚಿನವು ಬೂಷ್ಟಿನಿಂದ ಬರುವಂಥವು.

ಕರುಳಿನಲ್ಲಿ ಅದು ಮಾಡುವುದೇನೆಂದು ತಿಳಿಯಲು ನಮ್ಮ ಮಲೆನಾಡಿನವರಿಗೆ ಇಂಬಳದ ನೆನಪೊಂದೇ ಸಾಕು. ಇಂಬಳ ಕಾಲಿಗೆ ಕಚ್ಚುತ್ತದೆ, ಹೊಟ್ಟೆ ತುಂಬ ಕುಡಿಯುತ್ತದೆ, ಉದುರಿ ಬೀಳುತ್ತದೆ. ರಕ್ತ ಸೋರುವುದು ಕಣ್ಣಿಗೆ ಕಾಣುವುದರಿಂದ ನಾವು ಸುಣ್ಣ, ಹೊಗೆಸೊಪ್ಪು ಎಂದು ಓಡಾಡುತ್ತೇವೆ. ಕೊಕ್ಕೆಹುಳು ಉದ್ದದಲ್ಲಿ ಒಂದು ಸೆಂಟಿಮೀಟರಿನಷ್ಟಿದ್ದು, ಕರುಳಿನ ಒಳಗೋಡೆಗೆ ಕಚ್ಚಿ ಹಿಡಿದು, ಉದುರದೆ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಒಂದು ಜಾತಿಯ ಹುಳು ದಿನಕ್ಕೆ ಸುಮಾರು 0.03 ಮಿಲಿಲೀಟರ್ ರಕ್ತ ಹೀರಿದರೆ ಇನ್ನೊಂದು ಜಾತಿಯದು ಅದರ ಐದಾರು ಪಟ್ಟು ಹೀರುತ್ತದೆ. ಮೊದಲ ಜಾತಿಯದೇ 200 ಹುಳುಗಳಿವೆ ಎಂದಿಟ್ಟುಕೊಳ್ಳೋಣ. ದಿನಕ್ಕೆ 6 ಮಿಲಿಲೀಟರ್, ತಿಂಗಳಿಗೆ 180 ಮಿಲಿಲೀಟರ್. ಊಟದಿಂದ ಮನುಷ್ಯನ ಮೈ ಹೀರಿಕೊಳ್ಳುವ ಕಬ್ಬಿಣದ ಅಂಶ ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ. 6 ಮಿಲಿಲೀಟರ್ ಒಳ್ಳೆಯ ರಕ್ತದಲ್ಲಿ ಸುಮಾರು 3 ಮಿಲಿಗ್ರಾಂ ಇರುತ್ತದೆ. ಹೀಗೆ ಸೋರಿದ್ದರಲ್ಲಿ ಒಂದು ಪಾಲನ್ನು ಕರುಳು ಮತ್ತೆ ಹೀರಿಕೊಳ್ಳುವುದುಂಟಾದರೂ ಜಮೆಗಿಂತ ಖರ್ಚು ಹೆಚ್ಚಾಗುವುದನ್ನು ನಮ್ಮ ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಟ್ಟು, ಬಸಿರು, ಬಾಣಂತನಗಳಿಂದ ಮೊದಲೇ ರಕ್ತ ಕಡಿಮೆಯಿರುವ ಹೆಂಗಸರಲ್ಲಿ ಈ ಸೋರಿಕೆ ಹೆರಿಗೆಯ ಹೊತ್ತಿಗೆ ಪ್ರಾಣಕ್ಕೇ ಎರವಾಗಬಹುದು. ಕಾಫಿ ಕೊಯ್ಯುವವರಲ್ಲಿ, ಕಳೆ ತೆಗೆಯುವವರಲ್ಲಿ ಹೆಂಗಸರೇ ಹೆಚ್ಚು.

ಕೊಕ್ಕೆಹುಳುವಿಗೆ ಕಾಯಿಸಿದ ನೀರಿನಿಂದ ಉಪಯೋಗವಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅದಕ್ಕೆ ಬೇಕಾದದ್ದು ಪಾದರಕ್ಷೆ ಮತ್ತು ಕಕ್ಕಸು. ಮಳೆಗಾಲದಲ್ಲಿ ಇಂಬಳಕ್ಕೆಂದು ಹಾಕುವ ಗಮ್‌ಬೂಟು ಇದಕ್ಕೂ ಆಗುತ್ತದೆ. ಹವಾಯಿ ಚಪ್ಪಲಿ ಒಣನೆಲದಲ್ಲಿ ಪರವಾಗಿಲ್ಲ, ಕೆಸರಿನಲ್ಲಿ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅಗತೆ, ಬುಡ ಬಿಡಿಸುವ ಕೆಲಸಗಳಲ್ಲಿ ಕೈಯೂ ಮಣ್ಣಿನಲ್ಲೇ ಇರುತ್ತದೆ ಎಂಬುದನ್ನು ಮರೆಯಬಾರದು. ಬೇಸಿಗೆಯಲ್ಲಿ ನೆಲ ಒಣಗಿ ಹುಳು ತಾನಾಗಿಯೇ ಸಾಯುತ್ತಿತ್ತು ನಿಜ; ಆದರೆ ರೊಬಸ್ಟ ತೋಟಗಳಿಗೆ ಹೂವಿಗೆಂದು ಸ್ಪ್ರಿಂಕ್ಲರ್ ನೀರು ಹಾಯಿಸುವ ಕಡೆ ನೆಲಕ್ಕೆ ನಡುಬೇಸಿಗೆಯಲ್ಲೂ ತೇವ ಸಿಗುತ್ತದೆ. ಅಡಿಕೆ ತೋಟವಂತೂ ವರ್ಷವಿಡೀ ತಂಪು.

ಮೇಲಿನಿಂದ ಬರುವ ನೀರು

ನೀರಿನಲ್ಲಿ ಬರುವವು ಬೇರೆಯೇ ಗುಂಪು. ಆಮಶಂಕೆಯ ಅಮೀಬ, ದಿನಗಟ್ಟಲೆ ನಾರುವ ತೆಳುಭೇದಿ ಮಾಡಿಸುವ ಜಿಯಾರ್ಡಿಯ ಇವು ಹುಳುಗಳೇ ಅಲ್ಲ, ಕಣ್ಣಿಗೆ ಕಾಣದ ಏಕಕೋಶದ ಜೀವಿಗಳು. ಮಲದೊಡನೆ ಹೊರಬೀಳುವಾಗ ಗಟ್ಟಿಯಾದ ಒಂದು ಕವಚದೊಳಗೆ ಸುತ್ತಿಕೊಂಡಿರುತ್ತವೆ. ಕೊಕ್ಕೆಹುಳುವಿನ ಹಾಗೆ ಮಣ್ಣಿನಲ್ಲಿ ಬಲಿಯಬೇಕೆಂಬ ಹಂಗು ಇವಕ್ಕಿಲ್ಲ. ಇಂದು ಹೊರಬಿದ್ದದ್ದು ಇಂದೇ ಇನ್ನೊಬ್ಬರ ಹೊಟ್ಟೆ ಸೇರಬಹುದು. ತಣ್ಣನೆಯ ನೀರಿನಲ್ಲಿ ಜಿಯಾರ್ಡಿಯ ವಾರಗಟ್ಟಲೆ ಜೀವ ಹಿಡಿದಿರುತ್ತದೆ, ಹತ್ತಿಪ್ಪತ್ತು ಕೋಶಗಳು ಒಳಹೊಕ್ಕರೂ ರೋಗ ಬರಬಹುದು.

ನಮ್ಮಲ್ಲಿ ಅಬ್ಬಿಯ ನೀರೆಂದರೆ ಗಂಗೆಯಷ್ಟೇ ಪವಿತ್ರವೆಂಬ ಭಾವನೆ. ಗುಡ್ಡದ ಒರತೆಯಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ನೀರಿಗೆ ಕರೆಂಟಿನ ಖರ್ಚೂ ಇಲ್ಲ. ಒರತೆ ಹುಟ್ಟುವ ಬಾಯಿಯಲ್ಲಿ ಆ ನೀರು ಚೊಕ್ಕಟವಾಗಿಯೇ ಇರಬಹುದು. ಅಲ್ಲಿಂದ ನಮ್ಮ ಮನೆಯ ತೊಟ್ಟಿಗೆ ಬರುವುದರೊಳಗೆ ಅದು ತೆರೆದ ಕಾಲುವೆಯಲ್ಲಿ ಎಷ್ಟು ದೂರ ಹರಿಯುತ್ತದೆ, ಅದರ ಮೇಲುಗಡೆ ಯಾರ ತೋಟ ಇದೆ, ಯಾರ ಲೈನ್ ಮನೆಗಳಿವೆ, ಅಲ್ಲಿಯವರು ಬೆಳಗ್ಗೆ ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಒಮ್ಮೆ ಹಳ್ಳದ ಗುಂಟ ಮೇಲಕ್ಕೆ ನಡೆದು ನೋಡಿಬರುವುದು ಒಳ್ಳೆಯದು. ಮಲೆನಾಡಿನಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರ ಕೆಳಗಿನ ತೋಟದವರು. ಮೊದಲ ಮಳೆಗಳಲ್ಲಿ ಗುಡ್ಡ ತೊಳೆದು ನೀರು ಕೆಂಪಾಗಿ ಬರುವ ದಿನಗಳು ಎಲ್ಲಕ್ಕಿಂತ ಕೆಟ್ಟವು.

ಬ್ಲೀಚಿಂಗ್ ಪೌಡರಿನ ಬಗೆಗೂ ತಪ್ಪು ಭರವಸೆ ಬೇಡ. ಕಾಲರಾ, ವಿಷಮಜ್ವರಗಳ ರೋಗಾಣುಗಳಿಗೆ ಅದು ಸಾಕು. ಕವಚ ತೊಟ್ಟ ಈ ಜೀವಿಗಳಿಗೆ ಸಾಲದು. 1993ರಲ್ಲಿ ಅಮೆರಿಕದ ಮಿಲ್‌ವಾಕಿ ನಗರದಲ್ಲಿ ಕ್ಲೋರಿನ್ ಹಾಕಿ ಶುದ್ಧಪಡಿಸಿದ ನಲ್ಲಿಯ ನೀರಿನಿಂದಲೇ ಸುಮಾರು 4 ಲಕ್ಷ ಜನರಿಗೆ ಭೇದಿ ಹಿಡಿಯಿತು. ಕಾರಣ ಕ್ರಿಪ್ಟೊಸ್ಪೊರಿಡಿಯಮ್ ಎಂಬ ಇಂಥದೇ ಒಂದು ಜೀವಿ. ಅಷ್ಟು ದೊಡ್ಡ ಯಂತ್ರಾಗಾರದ ಗತಿಯೇ ಹಾಗಾದರೆ ನಮ್ಮ ತೊಟ್ಟಿಯ ಪಾಡೇನು? ಬಟ್ಟೆಯಲ್ಲಿ ಸೋಸುವುದರಿಂದ ಕಸ ನಿಲ್ಲುತ್ತದೆ, ಇವು ನಿಲ್ಲುವುದಿಲ್ಲ. ಇಲ್ಲಿ ಮಾತ್ರ ಕಾಯಿಸುವುದೇ ಸರಿಯಾದ ಉಪಾಯ. ಬೆಚ್ಚಗೆ ಮಾಡಿದರೆ ಸಾಲದು, ನೀರು ಮರಳಿ ಒಂದು ನಿಮಿಷ ಕುದಿಯಬೇಕು. ಕೆಲಸದ ಜಾಗಕ್ಕೆ ಒಯ್ಯುವ ಕೊಡಕ್ಕೆ ನಲ್ಲಿ ಇದ್ದರೆ ಲೇಸು. ಹತ್ತು ಜನರ ಕೈ ಲೋಟದೊಡನೆ ಕೊಡದೊಳಗೆ ಮುಳುಗಿದರೆ ಕಾಯಿಸಿದ ಸೌದೆಯೂ ದಂಡ.

ಸೊಪ್ಪು, ಮಣ್ಣು ಮತ್ತು ಟ್ಯಾಂಕರ್ ಗೊಬ್ಬರ

ಮಕ್ಕಳ ಹೊಟ್ಟೆಯಿಂದ ಎರೆಹುಳುವಿನಂತೆ ಉದ್ದವಾಗಿ ಬೀಳುವುದು ದುಂಡುಹುಳು. ಹೆಣ್ಣುಹುಳು ಒಂದಡಿಯಷ್ಟು ಉದ್ದವಾಗುವುದುಂಟು. ದಿನಕ್ಕೆ 2 ಲಕ್ಷ ಮೊಟ್ಟೆ ಇಡುತ್ತದೆಂದರೆ ನಂಬುವುದು ಕಷ್ಟ, ಆದರೆ ಲೆಕ್ಕ ಸರಿಯಾದದ್ದೇ. ಈ ಮೊಟ್ಟೆ ಎರಡರಿಂದ ನಾಲ್ಕು ವಾರ ಮಣ್ಣಿನಲ್ಲಿ ಬಲಿಯಬೇಕು. ಬಲಿತ ಮೇಲೆ ಒದ್ದೆ ನೆಲದಲ್ಲಿ ವರ್ಷಗಟ್ಟಲೆ ಬದುಕಿರಬಲ್ಲದು. ಅದರ ಹೊರಸಿಪ್ಪೆ ಅಂಟಂಟು. ಕೈಬೆರಳಿಗೆ, ಉಗುರಿಗೆ, ಸೊಪ್ಪಿಗೆ ಹಿಡಿದುಕೊಳ್ಳುತ್ತದೆ, ಒಂದು ಸಲ ನೀರಿನಲ್ಲಿ ಅದ್ದಿ ತೆಗೆದರೆ ಹೋಗುವುದಿಲ್ಲ.

ಬೇಯಿಸಿದ ಅಡಿಗೆಗೆ ಇದರ ಭಯವಿಲ್ಲ. ಕೆಸುವಿನ ಪತ್ರೊಡೆಯಾಗಲಿ ಕಳಲೆಯ ಪಲ್ಯವಾಗಲಿ ಯಾವ ಮೊಟ್ಟೆಯನ್ನೂ ಉಳಿಸುವುದಿಲ್ಲ. ಆದರೆ ನಮ್ಮಲ್ಲಿ ಹಸಿಯಾಗಿ ತಿನ್ನುವ ಪದಾರ್ಥಗಳಿಗೇನು ಕಡಿಮೆಯೇ? ಒಂದೆಲಗವನ್ನು ತೋಟದ ಬಸಿಗಾಲುವೆಯ ಅಂಚಿನಿಂದ ಬೇರುಸಮೇತ ಕಿತ್ತು ತಂದು, ಹಸಿಯಾಗಿ ಅರೆದು, ಮಜ್ಜಿಗೆಗೆ ಕಲಸಿ ತಂಬುಳಿ ಮಾಡುತ್ತೇವೆ. ಆ ಕಾಲುವೆಯಲ್ಲಿ ಹರಿದುಬಂದದ್ದೆಲ್ಲ ಆ ಎಲೆಯ ಬುಡದಲ್ಲಿ ತಂಗಿರುತ್ತದೆ. ತಂಬುಳಿ ಬಿಡಬೇಕೆಂದು ನಾವು ಹೇಳುತ್ತಿಲ್ಲ. ಬಿಟ್ಟರೆ ಮನೆಯವರು ಕೇಳಬೇಕಲ್ಲ! ಒಂದೆಲಗವನ್ನು ಬಾವಿಕಟ್ಟೆಯ ಬಳಿ ಒಂದು ಕುಂಡದಲ್ಲೋ ಮಡಿಯಲ್ಲೋ ನೆಟ್ಟುಕೊಂಡು, ಎಲೆ ಎಲೆಯಾಗಿ ಬಿಡಿಸಿ ಧಾರೆಯ ನೀರಿನಲ್ಲಿ ಉಜ್ಜಿ ತೊಳೆದರೆ ಆಯಿತು. ಕೋಸಂಬರಿಯ ಸೌತೆ, ಕೊತ್ತಂಬರಿಗೂ ಇದೇ ಮಾತು.

ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯಿದೆ. ಪಟ್ಟಣಗಳ ಸೆಪ್ಟಿಕ್ ಟ್ಯಾಂಕುಗಳಿಂದ ಎಳೆದ ಹೊಲಸನ್ನು ಟ್ಯಾಂಕರಿನವರು ತಂದು ಹೊಲ ತೋಟಗಳಿಗೆ ಬಿಡುವುದು ಬೆಂಗಳೂರಿನ ಸುತ್ತಮುತ್ತ ಬಹಳ ಕಾಲದಿಂದ ನಡೆದಿದೆ. ಗೊಬ್ಬರದ ಬೆಲೆ ನೋಡಿದರೆ ಯಾರಿಗಾದರೂ ಆಸೆಯಾಗುವುದು ಸಹಜ. ಬೆಳೆಗೆ ಅದು ಒಳ್ಳೆಯ ಸಾರವೇ, ಅಲ್ಲವೆನ್ನುವುದಿಲ್ಲ. ಆದರೆ ಹುಳುವಿನ ಮೊಟ್ಟೆ ನೀರಿಗಿಂತ ಭಾರ. ಟ್ಯಾಂಕಿನಲ್ಲಿ ಅದು ತಳಕ್ಕೆ ಇಳಿದು ಆ ರಾಡಿಯಲ್ಲೇ ಕೂಡಿಕೊಳ್ಳುತ್ತದೆ. ಟ್ಯಾಂಕರಿನಲ್ಲಿ ಬರುವುದು ಆ ರಾಡಿಯೇ. ಅದನ್ನು ಹಸಿಯಾಗಿ ತೋಟಕ್ಕೆ ಬಿಡುವುದೆಂದರೆ ನೂರಾರು ಮನೆಗಳ ಹುಳುಗಳನ್ನು ಬಿತ್ತನೆ ಬೀಜದಂತೆ ತರಿಸಿ, ಆ ಮೇಲೆ ಅಗತೆಗೆ ಆಳು ಇಳಿಸಿದಂತೆ. ಗೊಬ್ಬರ ಮಾಡಲೇಬೇಕೆಂದಿದ್ದರೆ ತರಗು, ಸೆಗಣಿಯೊಡನೆ ರಾಶಿ ಹಾಕಿ ಚೆನ್ನಾಗಿ ಕಾವೇರಿಸಬೇಕು. ರಾಶಿಯ ಎಲ್ಲ ಭಾಗವೂ 55 ಡಿಗ್ರಿಗಿಂತ ಮೇಲಿನ ಬಿಸಿಯಲ್ಲಿ ಕೆಲವು ದಿನ ಬೆಂದರೆ ಮೊಟ್ಟೆ ಸಾಯುತ್ತದೆ. ಅಷ್ಟು ಶ್ರದ್ಧೆಯಿಂದ ರಾಶಿ ಮಗುಚಿ ಹಾಕುವವರು ಕಡಿಮೆಯಾದ್ದರಿಂದ ಟ್ಯಾಂಕರನ್ನು ಗೇಟಿನಿಂದಲೇ ಹಿಂದಕ್ಕೆ ಕಳಿಸುವುದು ಮೇಲೆಂದು ನಮ್ಮ ಅಭಿಪ್ರಾಯ. ಕಕ್ಕಸನ್ನು ಗೋಬರ್ ಗ್ಯಾಸಿಗೆ ಜೋಡಿಸಿರುವ ಮನೆಗಳೂ ಅದರ ಬಗ್ಗಡವನ್ನು ನೇರವಾಗಿ ತರಕಾರಿ ಮಡಿಗೆ ಬಿಡಬಾರದು. ಆ ತೊಟ್ಟಿಯಲ್ಲಿ ಅಷ್ಟು ಕಾವು ಹುಟ್ಟುವುದಿಲ್ಲ.

ಜಪಾನಿನಲ್ಲಿ ಇದನ್ನು ದೇಶದ ಮಟ್ಟದಲ್ಲಿ ಕಂಡಿದ್ದಾರೆ. ಅಲ್ಲಿ ಮನುಷ್ಯನ ಮಲವೇ ತರಕಾರಿಯ ಮುಖ್ಯ ಗೊಬ್ಬರವಾಗಿತ್ತು. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಶೇಕಡ 60ಕ್ಕೂ ಹೆಚ್ಚು ಜನರ ಹೊಟ್ಟೆಯಲ್ಲಿ ದುಂಡುಹುಳುವಿತ್ತು. ಶಾಲೆಗಳಲ್ಲಿ ತಪ್ಪದೆ ಮಲಪರೀಕ್ಷೆ, ಹುಳು ಇದ್ದವರಿಗೆ ಔಷಧ, ಜೊತೆಗೆ ಮಲಗೊಬ್ಬರವನ್ನು ನಿಲ್ಲಿಸಿದ್ದು ಇವೆಲ್ಲ ಸೇರಿ ಕೆಲವೇ ದಶಕಗಳಲ್ಲಿ ಅದು ಹೆಚ್ಚು ಕಡಿಮೆ ಇಲ್ಲವಾಯಿತು.

ಹಂದಿ, ನಾಯಿ, ಕರು

ಹಂದಿಮಾಂಸ ತಿನ್ನುವವರಿಗೆ ಲಾಡಿಹುಳುವಿನ ಹೆದರಿಕೆ ಹಳೆಯದು. ಮನುಷ್ಯನ ಮಲ ತಿಂದ ಹಂದಿಯ ಮಾಂಸದಲ್ಲಿ ಅಕ್ಕಿಕಾಳಿನಂಥ ಬಿಳಿಯ ಗುಳ್ಳೆಗಳು ಕಟ್ಟಿಕೊಳ್ಳುತ್ತವೆ. ಸರಿಯಾಗಿ ಬೇಯದ ಮಾಂಸದೊಡನೆ ಅವು ಹೊಟ್ಟೆ ಸೇರಿದರೆ ಅಲ್ಲಿ ಗಜಗಟ್ಟಲೆ ಉದ್ದದ ಹುಳುವಾಗುತ್ತವೆ. ಕೊಡಗಿನ ಪಂದಿಕರಿಯಂತೆ ಹೊತ್ತುಹೊತ್ತು ಬೇಯಿಸಿದ ಮಾಂಸಕ್ಕೆ ಭಯವಿಲ್ಲ. ಒಲೆಯ ಮೇಲೆ ಹೊಗೆಗೆ ಕಟ್ಟಿ ಒಣಗಿಸಿದ್ದನ್ನೂ ಮತ್ತೆ ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ಗೂಡಿನಲ್ಲಿ ಕಟ್ಟಿ ಸಾಕಿದ ಹಂದಿಗೂ ಬೀದಿ ಬೀದಿ ಅಲೆಯುವ ಹಂದಿಗೂ ವ್ಯತ್ಯಾಸವಿದೆ.

ಇಷ್ಟಕ್ಕೇ ಮುಗಿದಿದ್ದರೆ ನಮ್ಮ ಸಸ್ಯಾಹಾರಿ ಸದಸ್ಯರು ನಿಶ್ಚಿಂತರಾಗಿರಬಹುದಿತ್ತು. ಮುಗಿಯುವುದಿಲ್ಲ. ಮಾಂಸದ ಗುಳ್ಳೆ ಕೊಡುವುದು ಹೊಟ್ಟೆಯ ಹುಳುವನ್ನು. ಆದರೆ ಹುಳು ಇರುವವರ ಮಲದಲ್ಲಿ ಹೊರಬೀಳುವ ಮೊಟ್ಟೆ ಇನ್ನೊಬ್ಬರ ಬಾಯಿ ಸೇರಿದರೆ, ಹಂದಿಯ ಮೈಯಲ್ಲಿ ಆಗುವುದೇ ಆ ಮನುಷ್ಯನ ಮೈಯಲ್ಲಿ ಆಗುತ್ತದೆ. ಗುಳ್ಳೆ ಮಿದುಳಿನಲ್ಲಿ ಕಟ್ಟಿದರೆ ಮೂರ್ಛೆರೋಗ ಬರುತ್ತದೆ. ಆ ಮೊಟ್ಟೆ ಹಂದಿಮಾಂಸದಿಂದ ಬರುವುದಿಲ್ಲ, ಕೈಯಿಂದ, ನೀರಿನಿಂದ, ಹಸಿ ಸೊಪ್ಪಿನಿಂದ ಬರುತ್ತದೆ. ನ್ಯೂಯಾರ್ಕ್ ನಗರದಲ್ಲಿ ಧರ್ಮನಿಷ್ಠ ಯಹೂದ್ಯರ ಒಂದು ಬಡಾವಣೆಯಲ್ಲಿ ನಾಲ್ವರಿಗೆ ಹೀಗೆ ಮಿದುಳಿನಲ್ಲಿ ಗುಳ್ಳೆ ಕಟ್ಟಿದ್ದು 1992ರಲ್ಲಿ ವರದಿಯಾಯಿತು. ಹಂದಿಮಾಂಸವೆಂದರೆ ಮಾರು ದೂರ ನಿಲ್ಲುವ ಜನ ಅವರು. ಹುಡುಕಿದಾಗ ಮನೆಗೆಲಸಕ್ಕೆ ಬರುತ್ತಿದ್ದ ಒಬ್ಬಾಕೆಯ ಹೊಟ್ಟೆಯಲ್ಲಿ ಲಾಡಿಹುಳು ಇರುವುದು ತಿಳಿದುಬಂತು. ಆಕೆಯನ್ನು ದೂರಿ ಪ್ರಯೋಜನವಿಲ್ಲ, ಆಕೆಯೂ ರೋಗಿಯೇ. ಪರೀಕ್ಷೆ ಮಾಡಿಸಿ ಔಷಧ ಕೊಡಿಸಿದ್ದರೆ ಎಲ್ಲರಿಗೂ ಕ್ಷೇಮವಾಗುತ್ತಿತ್ತು. ಅಡಿಗೆಯವರು, ಕೆಲಸದವರು, ಯಜಮಾನರು ಯಾರಾದರೂ ಸರಿ, ಮಲದಲ್ಲಿ ಲಾಡಿಯ ತುಂಡಿನಂತೆ ಬಿಳಿಯದೇನಾದರೂ ಕಂಡರೆ ಸಂಕೋಚವಿಲ್ಲದೆ ಡಾಕ್ಟರರಿಗೆ ತೋರಿಸಬೇಕು. ಇದಕ್ಕೆ ಅಂಗಡಿಯಲ್ಲಿ ಸ್ವಂತವಾಗಿ ಮಾತ್ರೆ ಕೊಳ್ಳುವುದು ಸರಿಯಲ್ಲ. ಮಿದುಳಿನಲ್ಲಿ ಮೊದಲೇ ಗುಳ್ಳೆಯಿದ್ದರೆ ಕೆಲವು ಔಷಧಗಳಿಂದ ಫಿಟ್ಸ್ ಬರುವುದುಂಟು.

ನಾಯಿಯ ವಿಷಯ ಚಿಕ್ಕದು. ಕುರಿ, ದನ ಕೊಯ್ದಲ್ಲಿ ಹಸಿಯ ಪಿತ್ತಜನಕಾಂಗ, ಶ್ವಾಸಕೋಶಗಳನ್ನು ನಾಯಿಗೆ ಎಸೆಯಬಾರದು. ಅದರಿಂದ ನಾಯಿಯ ಹೊಟ್ಟೆಯಲ್ಲಿ ಬೆಳೆಯುವ ಒಂದು ಪುಟ್ಟ ಲಾಡಿಹುಳುವಿನ ಮೊಟ್ಟೆ ಮನುಷ್ಯನ ಪಿತ್ತಜನಕಾಂಗದಲ್ಲಿ ತೆಂಗಿನಕಾಯಿ ಗಾತ್ರದ ನೀರುಗುಳ್ಳೆಯನ್ನೂ ಎಬ್ಬಿಸಬಲ್ಲದು. ತೋಟದ ನಾಯಿಗಳಿಗೆ ಪಶುವೈದ್ಯರನ್ನು ಕೇಳಿ ಹುಳುವಿನ ಔಷಧ ಹಾಕಿಸುತ್ತಿರಬೇಕು, ನಾಯಿಮರಿಗಳಿಗಂತೂ ತಪ್ಪದೆ.

ಸೆಗಣಿಯ ಮೇಲೆ ಅನಾವಶ್ಯಕವಾಗಿ ಅಪವಾದ ಬರಬಾರದು. ಮನುಷ್ಯನ ಕೊಕ್ಕೆಹುಳು, ದುಂಡುಹುಳುಗಳು ದನದಿಂದ ಬರುವುದಿಲ್ಲ. ಆದರೆ ಹುಟ್ಟಿ ತಿಂಗಳಾಗದ ಕರು ಭೇದಿ ಮಾಡುತ್ತಿದ್ದರೆ ಎಚ್ಚರಿಕೆ ಬೇಕು. ಮಿಲ್‌ವಾಕಿಯ ವಿಷಯದಲ್ಲಿ ಹೇಳಿದ ಆ ಕ್ರಿಪ್ಟೊಸ್ಪೊರಿಡಿಯಮ್ ಅಂಥ ಕರುಗಳಲ್ಲಿ ಸಾಮಾನ್ಯ, ಕರು ನೋಡಿಕೊಳ್ಳುವವರಿಗೂ ಅದು ಹತ್ತುತ್ತದೆ. ಕೊಟ್ಟಿಗೆಯಿಂದ ಬಂದ ಕೈಯನ್ನು ಸೋಪು ಹಾಕಿ ತೊಳೆಯದೆ ಮಕ್ಕಳ ಊಟದ ತಟ್ಟೆ ಮುಟ್ಟಬಾರದು.

ಮಾತ್ರೆಯೂ ಗುಂಡಿಯೂ

ಕೊಕ್ಕೆಹುಳು, ದುಂಡುಹುಳುಗಳಿಗೆ ಆಲ್ಬೆಂಡಜೋಲ್ 400 ಮಿಲಿಗ್ರಾಮಿನ ಒಂದೇ ಮಾತ್ರೆ ಬಹುಮಟ್ಟಿಗೆ ಸಾಕಾಗುತ್ತದೆ, ಬೆಲೆಯೂ ಅತ್ಯಲ್ಪ. 2015ರಿಂದ ಸರ್ಕಾರವು ಅಂಗನವಾಡಿ, ಶಾಲೆಗಳಲ್ಲಿ 1ರಿಂದ 19 ವಯಸ್ಸಿನ ಮಕ್ಕಳಿಗೆ ಇದನ್ನು ಕೊಡುವ ಕಾರ್ಯಕ್ರಮ ನಡೆಸುತ್ತಿದೆ. ಆದರೆ ಕೊಕ್ಕೆಹುಳು ಮಕ್ಕಳಿಗಿಂತ ದುಡಿಯುವ ದೊಡ್ಡವರಲ್ಲೇ ಹೆಚ್ಚು, ಆ ಕಾರ್ಯಕ್ರಮ ಅವರನ್ನು ಮುಟ್ಟುವುದಿಲ್ಲ. ಇದನ್ನು ತೋಟದವರೇ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರರ ಸಲಹೆ ಪಡೆದು ನಡೆಸಬೇಕು. ಬಸುರಿಯರಿಗೆ ಮೊದಲ ಮೂರು ತಿಂಗಳು ಕೊಡಬಾರದು, ಆಮೇಲೂ ಡಾಕ್ಟರರನ್ನು ಕೇಳದೆ ಕೊಡಬಾರದು. ರಕ್ತಹೀನತೆಯೆಲ್ಲ ಹುಳುವಿನದೇ ಎಂದು ತಿಳಿಯುವುದೂ ತಪ್ಪು. ನಮ್ಮ ಕೆಲವು ಗಿರಿಜನ ಸಮುದಾಯಗಳಲ್ಲಿ ಹುಟ್ಟಿನಿಂದ ಬರುವ ಸಿಕಲ್ ಸೆಲ್ ಎಂಬ ರಕ್ತದೋಷವೂ ಇದೆ. ಆದ್ದರಿಂದ ರಕ್ತಪರೀಕ್ಷೆ ಮಾಡಿಸಿಯೇ ಕಬ್ಬಿಣದ ಮಾತ್ರೆ ಕೊಡಿಸುವುದು ಕ್ರಮ.

ಮಾತ್ರೆ ಕೊಟ್ಟು ಕೈತೊಳೆದುಕೊಂಡರೆ ಏನಾಗುತ್ತದೆ? ಹಲವು ದೇಶಗಳ ವರದಿಗಳನ್ನು ಒಟ್ಟು ಮಾಡಿ ನೋಡಿದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಗಿದೆ. ಅದರಂತೆ ಚಿಕಿತ್ಸೆಯಾಗಿ ಒಂದು ವರ್ಷಕ್ಕೆ ದುಂಡುಹುಳು ಮೊದಲಿದ್ದುದರ ಶೇಕಡ 94ರಷ್ಟಕ್ಕೂ ಕೊಕ್ಕೆಹುಳು ಶೇಕಡ 57ರಷ್ಟಕ್ಕೂ ಮರಳಿ ಬಂದಿದ್ದವು. ಮಾತ್ರೆ ಹೊಟ್ಟೆಯಲ್ಲಿರುವುದನ್ನು ಕೊಲ್ಲುತ್ತದೆ, ನೆಲದಲ್ಲಿರುವುದನ್ನಲ್ಲ. ಬೆರ್ರಿ ಬೋರರಿಗೆ ಔಷಧ ಹೊಡೆದು ನೆಲದ ಮೇಲಿನ ಉದುರು ಕಾಯಿ ಹೆಕ್ಕದೆ ಬಿಟ್ಟರೆ ಆಗುವುದೇ ಇಲ್ಲಿಯೂ ಆಗುತ್ತದೆ.

ಲೈನ್ ಮನೆಗಳಿಗೆ ಕಕ್ಕಸು ಕಟ್ಟಿಸಿದವರು ನಮ್ಮಲ್ಲಿ ಈಗ ಸಾಕಷ್ಟು ಜನರಿದ್ದಾರೆ. ಉಳಿದಿರುವುದು ಕೆಲಸದ ಜಾಗ. ಬೆಳಗ್ಗೆ ಎಂಟಕ್ಕೆ ಬಂದ ಹೆಂಗಸು ಲೈನಿನಿಂದ ಎರಡು ಮೈಲಿ ದೂರದ ಬ್ಲಾಕಿನಲ್ಲಿ ಸಂಜೆಯವರೆಗೆ ಕಾಫಿ ಕೊಯ್ಯುವಾಗ ಎಲ್ಲಿಗೆ ಹೋಗಬೇಕು? ಹೋಗುವ ತಾಪತ್ರಯವೇ ಬೇಡವೆಂದು ದಿನವಿಡೀ ನೀರೇ ಕುಡಿಯದೆ ಇರುವವರೂ ಇದ್ದಾರೆ. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಕುಡಿಯುವ ನೀರು, ಕಕ್ಕಸು, ವೈದ್ಯಕೀಯ ನೆರವುಗಳನ್ನು ಒಟ್ಟಿಗೆ ಹೇಳಿದ್ದರು. ಆದರೆ ಅದು ದೊಡ್ಡ ತೋಟಗಳನ್ನು ಕುರಿತದ್ದು, ಅಡಿಕೆಯ ಹೆಸರಂತೂ ಅದರಲ್ಲಿರಲಿಲ್ಲ. ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಐದು ಹತ್ತು ಎಕರೆಯವರು. ಕಾಯ್ದೆ ಬಂದು ಕೇಳುವವರೆಗೆ ಕಾಯುತ್ತ ಕೂರುವುದಾದರೆ ಕಾಯುತ್ತಲೇ ಇರಬೇಕು.

ಖರ್ಚು ದೊಡ್ಡದಲ್ಲ. ಕುಯ್ಲು ನಡೆಯುವ ಬ್ಲಾಕಿನಲ್ಲಿ ನಾಲ್ಕಡಿ ಆಳದ ಗುಂಡಿ, ಮೇಲೆ ಎರಡು ಹಲಗೆ, ಸುತ್ತ ಅಡಿಕೆ ಸೋಗೆಯ ಮರೆ, ಪಕ್ಕದಲ್ಲಿ ನೀರು ಮತ್ತು ಸೋಪು, ಪ್ರತಿ ಸಲ ಹಾಕಲು ಒಂದು ಬುಟ್ಟಿ ಬೂದಿ ಮಿಶ್ರಿತ ಮಣ್ಣು. ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಇರಬೇಕು. ಬ್ಲಾಕು ಮುಗಿದ ಮೇಲೆ ಮೇಲಿನ ಎರಡಡಿ ಮಣ್ಣು ತುಂಬಿ ದಮ್ಮಸು ಮಾಡಿ ಮುಂದಕ್ಕೆ ಹೋಗಬಹುದು. ಗೇಣುದ್ದ ಕೆರೆದು ಮುಚ್ಚಿದರೆ ಸಾಲದು. ಸಡಿಲ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿ ಮೇಲಕ್ಕೆ ಹತ್ತಿ ಬರುತ್ತದೆ. ಲೈನಿನ ಬಳಿ ಕಾಯಂ ಕಟ್ಟುವುದಾದರೆ ಎರಡು ಗುಂಡಿಯ ಕಕ್ಕಸು ಒಳ್ಳೆಯದು. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ತುಂಬಿದ್ದನ್ನು ಎರಡು ವರ್ಷ ಮುಟ್ಟದೆ ಬಿಡಬೇಕು. ಬಾವಿಗೂ ಗುಂಡಿಗೂ ಐವತ್ತಡಿಯಾದರೂ ಅಂತರವಿರಲಿ, ಇಳಿಜಾರಿನಲ್ಲಿ ಗುಂಡಿ ಬಾವಿಗಿಂತ ಕೆಳಗಿರಲಿ. ಅಡಿಕೆ ತೋಟದವರು ಕಣಿವೆಯ ತಳದಲ್ಲಿ ಗುಂಡಿ ತೆಗೆಯಬಾರದು. ಅಲ್ಲಿ ಮಳೆಗಾಲದಲ್ಲಿ ಒಂದಡಿಗೇ ನೀರು ಬರುತ್ತದೆ, ಗುಂಡಿಯಲ್ಲಿದ್ದದ್ದೆಲ್ಲ ಬಸಿಗಾಲುವೆ ಸೇರಿ ಕೆಳಗಿನ ತೋಟಕ್ಕೆ ಹೋಗುತ್ತದೆ. ತೋಟದ ಅಂಚಿನ ಎತ್ತರದ ದಿಣ್ಣೆಯಲ್ಲಿ ಜಾಗ ನೋಡಬೇಕು. ಎತ್ತರದ ಜಾಗ ಇಲ್ಲದ ಕಡೆ ನೆಲದಿಂದ ಮೂರಡಿ ಮೇಲಕ್ಕೆ ಸಿಮೆಂಟ್ ಬಳೆ ಇಳಿಸಿ, ಸುತ್ತ ಮಣ್ಣು ಏರಿಸಿ, ಮೆಟ್ಟಿಲು ಇಟ್ಟು ಕಟ್ಟಬಹುದು.